ಹಕೀಮರು ತೀರಿಕೊಂಡರು, ಕೆಲಸ ನಿಂತಿತು

ಕಲಬುರಗಿಗೆ ಹೋಗುವ ನಮ್ಮಲ್ಲಿ ಹೆಚ್ಚಿನವರು ಖ್ವಾಜಾ ಬಂದೇನವಾಝರ ದರ್ಗಾವನ್ನು ನೋಡಿ ಮರಳುತ್ತಾರೆ. ಅಲ್ಲಿಂದ ಹೆಚ್ಚು ದೂರವಿಲ್ಲದ ಹಫ್ತ್ ಗುಂಬಝ್‌ನವರೆಗೆ ಹೋಗುವವರು ಕಡಿಮೆ. ಆ ಗೋರಿಗಳ ಸಾಲಿನಲ್ಲಿ ಸುಲ್ತಾನ್ ಫಿರೋಝ್ ಷಾ ಬಹಮನಿಯ ಗೋರಿಯೂ ಇದೆ. 1397ರಿಂದ 1422ರವರೆಗೆ ಕಲಬುರಗಿಯಿಂದ ಆಳಿದವನು ಆತ. ವಿಜಯನಗರದೊಡನೆ ಆತ ನಡೆಸಿದ ಯುದ್ಧಗಳು ನಮ್ಮ ಮಕ್ಕಳ ಪಠ್ಯಪುಸ್ತಕಗಳಲ್ಲಿವೆ. ಭೀಮಾ ತೀರದಲ್ಲಿ ಆತ ಕಟ್ಟಿಸಿದ ಫಿರೋಝಾಬಾದ್ ಇಂದು ಪಾಳು ಬಿದ್ದಿದೆ. ಆದರೆ ನಾವು ಇಲ್ಲಿ ಹೇಳಹೊರಟಿರುವುದು ಆತ ಕಟ್ಟಿ ಮುಗಿಸಿದ ಯಾವುದರ ಬಗ್ಗೆಯೂ ಅಲ್ಲ, ಮುಗಿಸದೇ ಬಿಟ್ಟ ಒಂದು ಕೆಲಸದ ಬಗ್ಗೆ.

ಬಿಜಾಪುರದಲ್ಲಿ ಕುಳಿತು ದಖ್ಖಣದ ಇತಿಹಾಸ ಬರೆದ ಫಿರಿಶ್ತಾ ಅದನ್ನು ದಾಖಲಿಸಿದ್ದಾನೆ. ಫಿರೋಝ್ ಷಾನಿಗೆ ವಿದ್ಯೆಯ ಹುಚ್ಚು. ಗೋವಾ ಮತ್ತು ಚೌಲ್ ಬಂದರುಗಳಿಂದ ಆತ ವರ್ಷವರ್ಷವೂ ಹಡಗುಗಳನ್ನು ಕಳುಹಿಸುತ್ತಿದ್ದ. ಅವು ಸರಕಿನ ಜೊತೆಗೆ ವಿದ್ವಾಂಸರನ್ನೂ ಕರೆತರಬೇಕಿತ್ತು. ವಾರದಲ್ಲಿ ಕೆಲವು ದಿನ ಸ್ವತಃ ಪಾಠ ಹೇಳುತ್ತಿದ್ದ. ಯೂಕ್ಲಿಡನ ರೇಖಾಗಣಿತವೂ ಖಗೋಳ ಶಾಸ್ತ್ರವೂ ಆ ಪಾಠಗಳಲ್ಲಿ ಸೇರಿದ್ದವು. ಹಿಜರಿ 810ರಲ್ಲಿ, ಅಂದರೆ ಕ್ರಿ.ಶ. 1407ರ ಸುಮಾರಿಗೆ, ದೌಲತಾಬಾದ್ ಬಳಿಯ ಘಾಟಿಯ ಮೇಲೆ ಒಂದು ರಸದ್‌ಗಾಹ್, ಅಂದರೆ ಖಗೋಳ ವೀಕ್ಷಣಾಲಯವನ್ನು ಕಟ್ಟಲು ಆಜ್ಞೆಯಾಯಿತು. ಹಕೀಮ್ ಹಸನ್ ಗೀಲಾನಿ ಮೊದಲಾದ ವಿದ್ವಾಂಸರಿಗೆ ಹೊಣೆ ವಹಿಸಲಾಯಿತು. ಹಣವಿತ್ತು, ಜಾಗವಿತ್ತು, ಸುಲ್ತಾನನಿಗೆ ಮನಸ್ಸೂ ಇತ್ತು. ಅಷ್ಟರಲ್ಲಿ ಹಕೀಮರು ತೀರಿಕೊಂಡರು. ಕೆಲಸ ನಿಂತಿತು. ಸುಲ್ತಾನ ಆ ಬಳಿಕ ಹದಿನೈದು ವರ್ಷ ಬದುಕಿದ್ದರೂ ವೀಕ್ಷಣಾಲಯ ಮೇಲೇಳಲಿಲ್ಲ.

ನಮ್ಮ ಸಭೆಗಳಲ್ಲಿ, ಮಕ್ಕಳ ಭಾಷಣ ಸ್ಪರ್ಧೆಗಳಲ್ಲಿ, ಕೆಲವೊಮ್ಮೆ ಮಿಂಬರಿನ ಮೇಲೂ ಮುಸ್ಲಿಮ್ ವಿಜ್ಞಾನಿಗಳ ಹೆಸರಿನ ಪಟ್ಟಿ ಕೇಳಿಬರುತ್ತದೆ. ಖ್ವಾರಿಝ್ಮಿ, ಇಬ್ನು ಸೀನಾ, ಅಲ್‌ಬೀರೂನಿ, ಇಬ್ನುಲ್ ಹೈಸಮ್ ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತೇವೆ. ಕೇಳಿದವರು ಮಾಶಾ ಅಲ್ಲಾಹ್ ಎನ್ನುತ್ತಾರೆ. ಅವರ ಕೆಲಸ ಹೇಗೆ ನಡೆಯಿತು, ಎಷ್ಟು ವರ್ಷ ಹಿಡಿಯಿತು, ಖರ್ಚು ಯಾರು ಕೊಟ್ಟರು, ಒಬ್ಬರು ಸತ್ತ ಮೇಲೆ ಇನ್ನೊಬ್ಬರು ಅದನ್ನು ಹೇಗೆ ಮುಂದುವರಿಸಿದರು ಎಂದು ನಾವು ಕೇಳುವುದಿಲ್ಲ. ಬುದ್ಧಿವಂತ ಒಬ್ಬ ಹುಟ್ಟಿದರೆ ಸಾಕು, ವಿಜ್ಞಾನ ತಾನಾಗಿ ನಡೆಯುತ್ತದೆ ಎಂಬ ಭಾವನೆ ನಮ್ಮಲ್ಲಿದೆ. ಹಕೀಮ್ ಹಸನ್ ಗೀಲಾನಿಯವರ ಕಥೆ ಅದನ್ನು ಸುಳ್ಳು ಮಾಡುತ್ತದೆ. ಅವರ ಕಾಲದ ಹಿಂದೆ ಮುಂದೆ ನಡೆದ ಇನ್ನು ಮೂರು ವೀಕ್ಷಣಾಲಯಗಳ ಕಥೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ, ಎಲ್ಲಿ ಏನು ಕೂಡಿಬಂತು, ಎಲ್ಲಿ ಏನು ತಪ್ಪಿತು ಎಂಬುದು ಸ್ಪಷ್ಟವಾಗುತ್ತದೆ.

ಮೊದಲು ರಸದ್‌ಗಾಹ್ ಎಂದರೆ ಏನೆಂದು ತಿಳಿಯೋಣ. ದೂರದರ್ಶಕ ಇಲ್ಲದ ಕಾಲ ಅದು. ಅಳತೆಯ ಗುರುತು ಕೊರೆದ ದೊಡ್ಡ ಬಳೆಗಳು, ಕಮಾನುಗಳು, ಗೋಡೆಗಳು, ಇವೇ ಉಪಕರಣಗಳು. ಉಪಕರಣ ದೊಡ್ಡದಾದಷ್ಟೂ ಗುರುತುಗಳ ನಡುವೆ ಅಂತರ ಹೆಚ್ಚು, ಅಳತೆ ಅಷ್ಟು ನಿಖರ. ಸೂರ್ಯ, ಚಂದ್ರ, ಗ್ರಹಗಳು ಯಾವ ದಿನ ಎಲ್ಲಿರುತ್ತವೆ ಎಂದು ವರ್ಷಗಟ್ಟಲೆ ಅಳೆದು, ಅದರಿಂದ ಕೋಷ್ಟಕಗಳ ಒಂದು ಗ್ರಂಥ ತಯಾರಿಸಬೇಕು. ಅದಕ್ಕೆ ಝೀಜ್ ಎಂದು ಹೆಸರು. ನಮಾಝಿನ ವೇಳೆ, ಕಿಬ್ಲಾದ ದಿಕ್ಕು, ಗ್ರಹಣದ ದಿನ, ಪ್ರಯಾಣಿಕರಿಗೆ ಊರುಗಳ ಸ್ಥಾನ ಎಲ್ಲಕ್ಕೂ ಆ ಗ್ರಂಥವೇ ಆಧಾರ. ನಮ್ಮ ಮಸೀದಿಯ ಗೋಡೆಯಲ್ಲಿ ತೂಗಾಡುವ ನಮಾಝ್ ವೇಳಾಪಟ್ಟಿಯ ಹಿಂದೆಯೂ ಅಂತಹದೇ ಒಂದು ಲೆಕ್ಕವಿದೆ.

ಮೊದಲನೆಯದು ಇಂದಿನ ತೆಹ್ರಾನ್ ಬಳಿಯ ರೈ ಪಟ್ಟಣದ್ದು. 994ರಲ್ಲಿ ಬುವೈಹಿ ಅರಸ ಫಖ್ರುದ್ದೌಲನ ನೆರವಿನಿಂದ ಅಬೂ ಮಹ್ಮೂದ್ ಅಲ್‌ಖುಜಂದಿ ಅಲ್ಲಿ ಒಂದು ದೊಡ್ಡ ಉಪಕರಣ ಕಟ್ಟಿದರು. ಪೂರ್ಣ ವೃತ್ತದ ಆರನೇ ಒಂದು ಭಾಗದಷ್ಟಿರುವ ಕಮಾನು, ಅದರ ತ್ರಿಜ್ಯ ಸುಮಾರು ಇಪ್ಪತ್ತು ಮೀಟರ್. ಕತ್ತಲೆ ಕೋಣೆಯ ಮೇಲ್ಭಾಗದಲ್ಲಿ ಒಂದು ರಂಧ್ರ. ಮಧ್ಯಾಹ್ನ ಅದರ ಮೂಲಕ ಬೀಳುವ ಸೂರ್ಯನ ಬಿಂಬ ಕಮಾನಿನ ಯಾವ ಗುರುತಿನ ಮೇಲೆ ಬಿತ್ತೆಂದು ನೋಡಬೇಕು. ಅರಸನ ಹೆಸರಿನಿಂದ ಅದಕ್ಕೆ ಸುದ್ಸ್ ಫಖ್ರಿ ಎಂದು ಹೆಸರಾಯಿತು. ಆದರೆ ಅಷ್ಟು ಭಾರದ ಕಟ್ಟಡ ನೆಲದಲ್ಲಿ ಕುಸಿಯಿತು. ಮೇಲಿನ ರಂಧ್ರ ಸುಮಾರು ಒಂದು ಗೇಣು ಕೆಳಗಿಳಿದಿತ್ತು. ಈ ವಿಷಯ ನಮಗೆ ಗೊತ್ತಾಗುವುದು ಅಲ್‌ಬೀರೂನಿಯವರಿಂದ. ಅಲ್‌ಖುಜಂದಿಯವರ ಅಳತೆಯಲ್ಲಿ ಬಂದ ಸಣ್ಣ ವ್ಯತ್ಯಾಸಕ್ಕೆ ಈ ಕುಸಿತವೇ ಕಾರಣ ಎಂದು ಅವರು ಬರೆದಿಟ್ಟರು. ಇಷ್ಟು ಖರ್ಚಿನಲ್ಲಿ, ಅರಸನ ಹೆಸರಿನಲ್ಲಿ ಕಟ್ಟಿದ್ದು ಕುಸಿದರೆ ಮುಚ್ಚಿಡುವುದೇ ಸಾಮಾನ್ಯ ರೂಢಿ. ಇಲ್ಲಿ ತಪ್ಪು ಗೇಣಿನ ಲೆಕ್ಕದಲ್ಲಿ ದಾಖಲಾಯಿತು.

ಎರಡನೆಯದು ಮರಾಗಾ. ಅದು ಇರಾನಿನ ವಾಯವ್ಯ ಭಾಗದ ಪಟ್ಟಣ. ಅದರ ಕಥೆ ಶುರುವಾಗುವುದು ನಮಗೆ ಇಂದಿಗೂ ಎದೆ ನೋಯಿಸುವ ಒಂದು ಘಟನೆಯ ಬೆನ್ನಿಗೆ. 1258ರಲ್ಲಿ ಹುಲಗು ಖಾನನ ಸೈನ್ಯ ಬಗ್ದಾದನ್ನು ಹಾಳುಗೆಡವಿತು, ಖಲೀಫರನ್ನು ಕೊಂದಿತು. ಆಗ ಹುಲಗುವಿನ ಜೊತೆಗಿದ್ದ ವಿದ್ವಾಂಸರು ನಸೀರುದ್ದೀನ್ ತೂಸಿ. ಅವರ ನಡೆಯ ಬಗ್ಗೆ ಅಂದಿನಿಂದ ಇಂದಿನವರೆಗೂ ವಾಗ್ವಾದ ನಡೆದಿದೆ. ಆ ಚರ್ಚೆಗೆ ನಾವು ಇಲ್ಲಿ ಕೈ ಹಾಕುವುದಿಲ್ಲ. ಆದರೆ ನಾಶ ಮಾಡಿದವನ ಕೈಯಿಂದಲೇ ಅವರು ಮರುವರ್ಷ, 1259ರಲ್ಲಿ, ಒಂದು ವೀಕ್ಷಣಾಲಯ ಕಟ್ಟಿಸಿದರು ಎಂಬುದು ಇತಿಹಾಸ.

ಹುಲಗುವನ್ನು ಒಪ್ಪಿಸಿದ್ದು ಹೇಗೆ ಎಂಬ ಬಗ್ಗೆ ಹಳೆಯ ಗ್ರಂಥಕಾರರು ಒಂದು ಪ್ರಸಂಗ ಹೇಳುತ್ತಾರೆ. ವಿಧಿಯನ್ನು ತಪ್ಪಿಸಲು ಆಗದಿದ್ದರೆ ಮುಂದಾಗುವುದನ್ನು ತಿಳಿದು ಏನು ಪ್ರಯೋಜನ, ಇಷ್ಟು ಖರ್ಚು ಯಾಕೆ ಎಂದು ಹುಲಗು ಕೇಳಿದನಂತೆ. ತೂಸಿಯವರು ಯಾರಿಗೂ ಹೇಳದೆ ಎತ್ತರದಿಂದ ಒಂದು ದೊಡ್ಡ ತಾಮ್ರದ ಬೋಗುಣಿಯನ್ನು ಕೆಳಕ್ಕೆ ಉರುಳಿಸುವ ಏರ್ಪಾಡು ಮಾಡಿದರು. ಆ ಸದ್ದಿಗೆ ಜನ ದಿಕ್ಕಾಪಾಲಾಗಿ ಓಡಿದರು. ಮೊದಲೇ ತಿಳಿದಿದ್ದ ಹುಲಗು ಮತ್ತು ತೂಸಿ ಇಬ್ಬರೇ ಕದಲದೆ ನಿಂತಿದ್ದರು. ತಿಳಿದಿದ್ದರ ಪ್ರಯೋಜನ ಇದೇ ಎಂದರು ತೂಸಿ. ಕಥೆ ನಡೆದದ್ದೋ ಕಟ್ಟಿದ್ದೋ, ಒಂದು ಮಾತು ನಿಜ. ಹುಲಗುವಿಗೆ ಬೇಕಿದ್ದುದು ನಕ್ಷತ್ರಗಳ ಶಕುನ, ತೂಸಿಯವರಿಗೆ ಬೇಕಿದ್ದುದು ಅಳತೆ. ಹಣ ಕೊಡುವವನಿಗೆ ಅರ್ಥವಾಗುವ ಭಾಷೆಯಲ್ಲಿ ತನ್ನ ಕೆಲಸವನ್ನು ಹೇಳುವ ಕಷ್ಟ ಇಂದಿನ ಸಂಶೋಧಕರಿಗೂ ತಪ್ಪಿಲ್ಲ.

ಅವಧಿಯ ಪ್ರಶ್ನೆಯೂ ಬಂತು. ಶನಿ ಗ್ರಹ ಆಕಾಶದಲ್ಲಿ ಒಂದು ಸುತ್ತು ಮುಗಿಸಲು ಸುಮಾರು ಮೂವತ್ತು ವರ್ಷ ಬೇಕು. ಎಲ್ಲ ಗ್ರಹಗಳನ್ನೂ ಸರಿಯಾಗಿ ಅಳೆಯಬೇಕಾದರೆ ಕನಿಷ್ಠ ಅಷ್ಟು ಕಾಲ ಬೇಕೆಂದು ಯೋಜನೆ. ಹುಲಗು ಹನ್ನೆರಡು ವರ್ಷದಲ್ಲಿ ಮುಗಿಸಿ ಎಂದ. ಹನ್ನೆರಡರಲ್ಲಿ ಮುಗಿಯಿತು. ಹುಲಗು ಅಷ್ಟರಲ್ಲಿ ಸತ್ತು, ಅವನ ಮಗ ಅಬಾಕಾ ಆಳುತ್ತಿದ್ದಾಗ, 1271-72ರ ಸುಮಾರಿಗೆ ಝೀಜೆ ಇಲ್‌ಖಾನಿ ಹೊರಬಂತು. ಆದರೆ ಅವಸರದ ಬೆಲೆ ಅದರಲ್ಲಿ ಕಾಣುತ್ತದೆ. ಅದರ ಎಷ್ಟೋ ಅಂಕಿಗಳು ಹೊಸ ವೀಕ್ಷಣೆಯಿಂದ ಬಂದವಲ್ಲ, ಹಳೆಯ ಕೋಷ್ಟಕಗಳಿಂದ ತೆಗೆದವು. ಅದೇ ಮರಾಗಾದಲ್ಲಿ ಮುಹ್ಯಿದ್ದೀನ್ ಅಲ್‌ಮಗ್ರಿಬಿ ಎಂಬವರು ಅವಸರವಿಲ್ಲದೆ 1262ರಿಂದ 1274ರವರೆಗೆ ತಾವೇ ಅಳೆಯುತ್ತ ಹೋಗಿ, ಬಳಿಕ ತಮ್ಮದೇ ಝೀಜ್ ಬರೆದರು. ತಜ್ಞರು ಇಂದು ಹೆಚ್ಚು ಮೆಚ್ಚುವುದು ಅದನ್ನೇ.

ಮರಾಗಾದ ಹೆಚ್ಚುಗಾರಿಕೆ ಬೇರೆಡೆ ಇದೆ. ತೂಸಿ ಒಬ್ಬರೇ ನಿಲ್ಲಲಿಲ್ಲ. ಬೇರೆ ಬೇರೆ ಊರುಗಳಿಂದ ಜನರನ್ನು ಸೇರಿಸಿದರು. ದಮಸ್ಕಸ್‌ನಿಂದ ಮುಅಯ್ಯಿದುದ್ದೀನ್ ಅಲ್‌ಉರ್ದಿ ಬಂದರು, ಉಪಕರಣಗಳ ಹೊಣೆ ಅವರದು. ಕಝ್ವೀನ್‌ನಿಂದ ನಜ್ಮುದ್ದೀನ್ ಕಾತಿಬಿ, ಶೀರಾಝ್‌ನಿಂದ ಕುತ್ಬುದ್ದೀನ್. ಚೀನಾದ ಒಬ್ಬ ವಿದ್ವಾಂಸರೂ ಇದ್ದರು. ಸಿರಿಯನ್ ಕ್ರೈಸ್ತರ ಧರ್ಮಗುರು ಬಾರ್ ಹೆಬ್ರಿಯಸ್ ಮರಾಗಾದಲ್ಲಿ ಯೂಕ್ಲಿಡ್ ಮತ್ತು ಟಾಲೆಮಿಯ ಪಾಠ ಹೇಳಿದರು. ಗ್ರಂಥಾಲಯದ ಹೊಣೆ ಹೊತ್ತವರು ಇಬ್ನುಲ್ ಫುವತಿ. ಬಗ್ದಾದ್ ಬಿದ್ದಾಗ ಅವರು ಹದಿನಾಲ್ಕರ ಹುಡುಗ. ಸೈನಿಕರು ಸೆರೆ ಹಿಡಿದು ಒಯ್ದರು. ಅವರನ್ನು ಬಳಿಕ ತಮ್ಮ ಬಳಿ ಸೇರಿಸಿಕೊಂಡವರು ತೂಸಿ. ತನ್ನ ಊರಿನ ಗ್ರಂಥಾಲಯಗಳು ಉರಿದುದನ್ನು ಕಂಡ ಹುಡುಗ ಇನ್ನೊಂದು ಊರಿನಲ್ಲಿ ಪುಸ್ತಕಗಳನ್ನು ಕಾಯುವವನಾದ. ಮರಾಗಾದ ಬಗ್ಗೆ ಓದುವಾಗಲೆಲ್ಲ ನಮಗೆ ಗ್ರಹಗಳಿಗಿಂತ ಮೊದಲು ಈ ಹುಡುಗ ನೆನಪಾಗುತ್ತಾನೆ.

ಅಲ್‌ಉರ್ದಿಯವರು ಮರೆಯಬಾರದ ಇನ್ನೊಂದು ಕೆಲಸ ಮಾಡಿದರು. ತಾವು ಕಟ್ಟಿದ ಉಪಕರಣಗಳ ಬಗ್ಗೆ ಒಂದು ಪುಸ್ತಕ ಬರೆದರು. ಯಾವ ಬಳೆ ಎಷ್ಟು ದೊಡ್ಡದು, ಯಾವ ವಸ್ತುವಿನದು, ಹೇಗೆ ಜೋಡಿಸಬೇಕು, ಹೇಗೆ ಸರಿಯಾಗಿದೆಯೆಂದು ಪರೀಕ್ಷಿಸಬೇಕು ಎಂಬ ವಿವರ ಅದರಲ್ಲಿದೆ. ಬೆಟ್ಟದ ಮೇಲಕ್ಕೆ ನೀರೇರಿಸಿದ್ದೂ ತಾವೇ ಎಂದು ಅಲ್ಲಿ ಹೇಳಿಕೊಂಡಿದ್ದಾರೆ. ಒಬ್ಬ ಕುಶಲ ಕೆಲಸಗಾರ ಆ ಪುಸ್ತಕ ಹಿಡಿದು ಬೇರೆ ಊರಿನಲ್ಲಿ ಮತ್ತೆ ಕಟ್ಟಬಹುದಿತ್ತು. ಹಕೀಮ್ ಗೀಲಾನಿಯವರ ತಲೆಯಲ್ಲಿದ್ದುದು ಅವರೊಡನೆ ಕಬರಿಗೆ ಹೋಯಿತು. ಅಲ್‌ಉರ್ದಿಯವರ ತಲೆಯಲ್ಲಿದ್ದುದು ಕಾಗದಕ್ಕೆ ಇಳಿಯಿತು.

ಹಣದ ವಿಷಯದಲ್ಲೂ ತೂಸಿ ದೂರ ನೋಡಿದರು. ರಾಜ್ಯದ ವಕ್ಫ್ ಆಸ್ತಿಗಳ ಮೇಲ್ವಿಚಾರಣೆ ಅವರಿಗೆ ವಹಿಸಲ್ಪಟ್ಟಿತ್ತು. ಆ ಆದಾಯದ ಒಂದು ಪಾಲನ್ನು ವೀಕ್ಷಣಾಲಯಕ್ಕೆ ತೆಗೆದಿಟ್ಟರು. ಖಾನನ ಖಜಾನೆಯ ಹಣ ಖಾನನ ಮನಸ್ಸಿನಂತೆ ಬರುತ್ತದೆ, ಹೋಗುತ್ತದೆ. ವಕ್ಫ್‌ನ ಆದಾಯ ಹಾಗಲ್ಲ. 1265ರಲ್ಲಿ ಹುಲಗು ಸತ್ತ. 1274ರಲ್ಲಿ ತೂಸಿಯವರೂ ತೀರಿಕೊಂಡರು. ಆದರೆ ಮರಾಗಾ ನಿಲ್ಲಲಿಲ್ಲ. ತೂಸಿಯವರ ಮಕ್ಕಳು ಅದನ್ನು ನಡೆಸಿದರು. ಹದಿನಾಲ್ಕನೇ ಶತಮಾನ ಹುಟ್ಟಿದ ಮೇಲೂ ಅಲ್ಲಿ ಕೆಲಸ ನಡೆದಿತ್ತು. ಸ್ಥಾಪಿಸಿದ ಅರಸನ ಮರಣವನ್ನೂ ಮುಖ್ಯಸ್ಥರ ಮರಣವನ್ನೂ ದಾಟಿ ಬದುಕಿದ ವೀಕ್ಷಣಾಲಯ ಅದಕ್ಕೆ ಮುಂಚೆ ಸಿಗುವುದು ಕಷ್ಟ.

ಇಲ್ಲೊಂದು ಮಾತು. ಸಂಶೋಧನೆ ಮಾಡುವ ಒಬ್ಬ ವಿದ್ಯಾರ್ಥಿನಿಗೆ ನಮ್ಮವರದೇ ಒಂದು ಸಂಸ್ಥೆ ಮೊದಲ ವರ್ಷ ಸಂತೋಷದಿಂದ ನೆರವು ಕೊಟ್ಟದ್ದು ನಮಗೆ ಗೊತ್ತಿದೆ. ಸಭೆ ಮಾಡಿ, ಶಾಲು ಹೊದಿಸಿ, ಫೋಟೊ ತೆಗೆದರು. ಎರಡನೆಯ ವರ್ಷ ಕಾರ್ಯದರ್ಶಿ ಬದಲಾದರು, ಕಡತ ಸಿಗಲಿಲ್ಲ. ಮೂರನೆಯ ವರ್ಷ ಆಕೆಯ ಮನೆಯವರನ್ನು ಕಂಡಾಗ ಅದೇ ಸಂಸ್ಥೆಯವರು ಕೇಳಿದ್ದು, ಇನ್ನೂ ಮುಗಿದಿಲ್ಲವೇ ಎಂದು. ಆ ಪ್ರಶ್ನೆ ಹೊಸದಲ್ಲ. ಆರು ನೂರು ವರ್ಷಗಳ ಹಿಂದೆ ಮಗನೊಬ್ಬ ತಂದೆಗೆ ಬರೆದ ಪತ್ರದಲ್ಲಿ ಅದಕ್ಕೆ ಉತ್ತರವಿದೆ.

ಆ ಮಗ ಜಂಶೀದ್ ಅಲ್‌ಕಾಶಿ. ಇರಾನಿನ ಕಾಶಾನ್ ಅವರ ಊರು. ಬಡತನದಲ್ಲೇ ಕಲಿತವರು. 1406ರಲ್ಲಿ, ಅಂದರೆ ದೌಲತಾಬಾದಿನ ಘಾಟಿಯಲ್ಲಿ ಕೆಲಸ ಶುರುವಾಗುವುದಕ್ಕೆ ಸ್ವಲ್ಪ ಮೊದಲು, ಅವರು ಕಾಶಾನ್‌ನಲ್ಲಿ ಚಂದ್ರಗ್ರಹಣ ಅಳೆಯುತ್ತಿದ್ದರು. ಮರಾಗಾದ ಝೀಜ್‌ನಲ್ಲಿ ತಿದ್ದಬೇಕಾದ್ದನ್ನು ತಿದ್ದಿ ಝೀಜೆ ಖಾಕಾನಿ ಬರೆದರು. 1420ರ ಸುಮಾರಿಗೆ ಅವರಿಗೆ ಸಮರ್ಕಂದದಿಂದ ಕರೆ ಬಂತು. ಅಲ್ಲಿ ತೈಮೂರನ ಮೊಮ್ಮಗ ಉಲುಗ್ ಬೇಗ್ ಒಂದು ಮದ್ರಸ ಕಟ್ಟಿಸಿ, ಅದರ ಬೆನ್ನಿಗೇ ವೀಕ್ಷಣಾಲಯವನ್ನೂ ಆರಂಭಿಸಿದ್ದ. ನಮ್ಮ ಮೂರನೆಯ ವೀಕ್ಷಣಾಲಯ ಅದು. ಅಲ್‌ಕಾಶಿ ಅಲ್ಲಿಂದ ತಂದೆಗೆ ಬರೆದ ಎರಡು ಪತ್ರಗಳು ಉಳಿದುಬಂದಿವೆ. ಮಗ ಸ್ವಲ್ಪ ಜಂಬ ಕೊಚ್ಚಿಕೊಂಡಿದ್ದಾನೆ ಎಂಬುದನ್ನು ಹೇಳಲೇಬೇಕು. ಯಾರಿಗೂ ಬಿಡಿಸಲಾಗದ ಲೆಕ್ಕವನ್ನು ತಾನು ಬಿಡಿಸಿದೆ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ದೂರದ ಊರಿನಲ್ಲಿ ಕೆಲಸಕ್ಕೆ ಸೇರಿದ ಯಾವ ಮಗ ತಂದೆಗೆ ಹಾಗೆ ಬರೆಯುವುದಿಲ್ಲ?

ಆದರೆ ಆ ಪತ್ರದಲ್ಲಿ ಬೇರೆಲ್ಲೂ ಸಿಗದ ವಿಷಯಗಳಿವೆ. ಒಂದೇ ವರ್ಷದಲ್ಲಿ ಈ ವೀಕ್ಷಣೆ ಯಾಕೆ ಮುಗಿಯುವುದಿಲ್ಲ, ಹತ್ತು ಹದಿನೈದು ವರ್ಷ ಯಾಕೆ ಬೇಕು ಎಂದು ಕೇಳುವವರಿಗೆ ಅವರು ಅಲ್ಲಿ ಉತ್ತರ ಕೊಡುತ್ತಾರೆ. ಚಂದ್ರನ ಲೆಕ್ಕಕ್ಕೆ ಎರಡು ಗ್ರಹಣಗಳು ಬೇಕು. ಎರಡರಲ್ಲೂ ಮರೆಯಾದ ಭಾಗ ಸಮನಾಗಿರಬೇಕು, ಒಂದೇ ಬದಿಯಲ್ಲಿರಬೇಕು. ಬುಧ ಗ್ರಹವನ್ನು ಅಳೆಯಬೇಕಾದರೆ ಅದು ಬೆಳಗಿನ ಹೊತ್ತು ಸೂರ್ಯನಿಂದ ಅತಿ ದೂರವಿರುವಾಗ ಒಮ್ಮೆ, ಸಂಜೆ ಅತಿ ದೂರವಿರುವಾಗ ಒಮ್ಮೆ ನೋಡಬೇಕು. ಇವೆಲ್ಲ ಒಂದೇ ವರ್ಷದಲ್ಲಿ ಕೂಡಿಬರುವುದಿಲ್ಲ. ಕಾದು ಕುಳಿತಿರಬೇಕು. ಕಾದಿದ್ದ ಆ ರಾತ್ರಿ ಮೋಡ ಕವಿದರೆ ಮುಗಿಯಿತು, ಮತ್ತೆ ಅಂತಹ ಸಂದರ್ಭ ಬರಲು ಒಂದೆರಡು ವರ್ಷ ಕಾಯಬೇಕು. ತೂಸಿ ಹುಲಗುವಿಗೆ ಶನಿಯ ಸುತ್ತಿನ ಲೆಕ್ಕ ಹೇಳಿದರೆ, ಅಲ್‌ಕಾಶಿ ಮನೆಯವರಿಗೆ ಮೋಡದ ಮಾತು ಹೇಳಿದರು. ಇದಕ್ಕಿಂತ ಸರಳವಾಗಿ ಯಾರೂ ಹೇಳಲಾರರು.

ಇನ್ನೊಂದು ಪ್ರಸಂಗ. ಒಂದು ದಿನ ಉಲುಗ್ ಬೇಗ್ ಕುದುರೆಯ ಮೇಲೆ ಹೋಗುತ್ತಿದ್ದಾಗ, ಕೆಲವು ವರ್ಷಗಳ ಹಿಂದಿನ ಒಂದು ದಿನ ಸೂರ್ಯ ಆಕಾಶದಲ್ಲಿ ಎಲ್ಲಿತ್ತು ಎಂಬುದನ್ನು ಮನಸ್ಸಿನಲ್ಲೇ ಲೆಕ್ಕ ಹಾಕಿದ. ರಜಬ್ ತಿಂಗಳ ಹತ್ತು ಹದಿನೈದರ ನಡುವಿನ ಒಂದು ಸೋಮವಾರ ಅದು ಎಂಬುದಷ್ಟೇ ಅವನಿಗೆ ಗೊತ್ತಿದ್ದುದು. ಕುದುರೆಯಿಂದ ಇಳಿದವನೇ ಆತ ಮಾಡಿದ ಮೊದಲ ಕೆಲಸ, ಲೆಕ್ಕ ಸರಿಯೇ ನೋಡು ಎಂದು ಅಲ್‌ಕಾಶಿಯವರನ್ನು ಕೇಳಿದ್ದು. ಬುದ್ಧಿವಂತ ಅರಸರು ಇತಿಹಾಸದಲ್ಲಿ ಬೇಕಾದಷ್ಟು ಇದ್ದಾರೆ. ತನ್ನ ಲೆಕ್ಕವನ್ನು ಇನ್ನೊಬ್ಬರಿಂದ ಪರೀಕ್ಷಿಸಿಕೊಂಡ ಅರಸರು ಹೆಚ್ಚಿಲ್ಲ.

ಸಭೆಯ ನಿಯಮವೂ ಹಾಗೇ ಇತ್ತು. ಶಾಸ್ತ್ರದ ವಿಷಯದಲ್ಲಿ ಪೂರ್ಣ ಅರ್ಥವಾಗದೆ ಯಾರೂ ಒಪ್ಪಬಾರದು, ಮೆಚ್ಚಿಸಲೆಂದು ತಿಳಿದಂತೆ ನಟಿಸಬಾರದು. ಅರಸನ ಮಾತೆಂದು ಯಾರಾದರೂ ತಲೆಯಾಡಿಸಿದರೆ, ನನ್ನನ್ನು ಅಜ್ಞಾನಿ ಎಂದುಕೊಂಡೆಯಾ ಎಂದು ಆತ ಗದರುತ್ತಿದ್ದ. ಕೆಲವೊಮ್ಮೆ ಬೇಕೆಂದೇ ತಪ್ಪು ಮಾತನ್ನು ಮುಂದಿಡುತ್ತಿದ್ದ. ಮರ್ಯಾದೆಗೆಂದು ಒಪ್ಪಿದವರನ್ನು ಬಳಿಕ ಅದೇ ವಿಷಯ ಎತ್ತಿ ನಾಚಿಸುತ್ತಿದ್ದ. ಅಲ್‌ಕಾಶಿ ಇದನ್ನೆಲ್ಲ ಮೆಚ್ಚಿ ತಂದೆಗೆ ಬರೆದಿದ್ದಾರೆ. ಎದುರಿಗೆ ಹೌದು ಹೌದು ಎಂದು, ಹೊರಗೆ ಬಂದು ಮೆಟ್ಟಿಲ ಮೇಲೆ ನಿಜವಾದ ಅಭಿಪ್ರಾಯ ಹೇಳುವ ಸಭೆಗಳನ್ನು ನಾವೆಲ್ಲ ನೋಡಿದ್ದೇವೆ. ಸಮರ್ಕಂದದಲ್ಲಿ ಹಾಗೆ ನಡೆಯುತ್ತಿರಲಿಲ್ಲ ಎಂದು ನಂಬಲು ಈ ಪತ್ರ ಒಂದು ಆಧಾರ.

ಕಟ್ಟಡದ ವಿಷಯ. ಬೆಟ್ಟದ ಮೇಲೆ ಮೂರು ಅಂತಸ್ತಿನ ದುಂಡನೆಯ ಕಟ್ಟಡ. ಅದರೊಳಗೆ ಅಲ್‌ಖುಜಂದಿಯವರ ಅದೇ ಸುದ್ಸ್ ಫಖ್ರಿ, ಆದರೆ ಎರಡು ಪಟ್ಟು ದೊಡ್ಡದು, ತ್ರಿಜ್ಯ ಸುಮಾರು ನಲವತ್ತು ಮೀಟರ್. ರೈಯಲ್ಲಿ ಕುಸಿದದ್ದು ಇಲ್ಲಿ ಕುಸಿಯದಂತೆ ಕಮಾನಿನ ಕೆಳಭಾಗವನ್ನು ಬೆಟ್ಟದ ಬಂಡೆಯೊಳಗೇ ಕೊರೆದು ಇಳಿಸಲಾಗಿತ್ತು. ಅಲ್‌ಬೀರೂನಿಯವರು ಬರೆದಿಟ್ಟ ಆ ಒಂದು ಗೇಣು ಕುಸಿತವನ್ನು ಓದಿದ ನಮಗೆ ಆ ಬಂಡೆಯನ್ನು ನೋಡಿದಾಗ ನೆಮ್ಮದಿಯೆನಿಸುತ್ತದೆ.

ಅಲ್‌ಕಾಶಿ ಕೆಲಸದ ಕೊನೆ ಕಾಣಲಿಲ್ಲ. 1429ರ ಜೂನ್ 22ರಂದು ಸಮರ್ಕಂದದಲ್ಲೇ ತೀರಿಕೊಂಡರು. ಬಳಿಕ ಹೊಣೆ ಕಾಝಿಝಾದಾ ರೂಮಿಯವರದಾಯಿತು. ಅವರೂ ಝೀಜ್ ಮುಗಿಯುವ ಮೊದಲೇ ಹೋದರು. ದೌಲತಾಬಾದಿನಲ್ಲಿ ಒಬ್ಬರು ಹೋದಾಗ ಎಲ್ಲವೂ ನಿಂತಿತ್ತು. ಇಲ್ಲಿ ಇಬ್ಬರು ಹೋದರೂ ನಿಲ್ಲಲಿಲ್ಲ. ಅಲ್ಲೇ ಕಲಿತು ಬೆಳೆದ ಅಲೀ ಕುಶ್ಜಿ ಎಂಬ ಯುವಕ ಮೂರನೆಯವರಾಗಿ ಸಿದ್ಧರಿದ್ದರು. ಅವರ ತಂದೆ ಉಲುಗ್ ಬೇಗನ ಬೇಟೆ ಗಿಡುಗಗಳನ್ನು ನೋಡಿಕೊಳ್ಳುವವರು, ಕುಶ್ಜಿ ಎಂಬ ಹೆಸರು ಆ ಕೆಲಸದಿಂದಲೇ ಬಂದದ್ದು. ಮದ್ರಸದಲ್ಲಿ ಪಾಠ, ಬೆಟ್ಟದ ಮೇಲೆ ಕೆಲಸ, ಎರಡೂ ಒಟ್ಟಿಗೆ ನಡೆದದ್ದರ ಫಲ ಇದು.

1437ರಲ್ಲಿ ಝೀಜೆ ಸುಲ್ತಾನಿ ಪೂರ್ಣವಾಯಿತು. ನಕ್ಷತ್ರ ವರ್ಷದ ಉದ್ದ 365 ದಿನ, 6 ಗಂಟೆ, 10 ನಿಮಿಷ, 8 ಸೆಕೆಂಡ್ ಎಂದು ಅದರಲ್ಲಿದೆ. ಇಂದಿನ ಲೆಕ್ಕಕ್ಕೂ ಅದಕ್ಕೂ ಒಂದು ನಿಮಿಷದಷ್ಟೂ ವ್ಯತ್ಯಾಸವಿಲ್ಲ. 1018 ನಕ್ಷತ್ರಗಳ ಪಟ್ಟಿ ಇದೆ. ಈ ಅಂಕಿಗಳನ್ನು ಭಾಷಣಗಳಲ್ಲಿ ಹೇಳಲು ನಮಗೆ ಇಷ್ಟ, ತಪ್ಪೇನಿಲ್ಲ. ಆದರೆ ನಮ್ಮ ಕಣ್ಣಿಗೆ ಹೆಚ್ಚು ಬೆಲೆಯುಳ್ಳದ್ದೆಂದು ಕಂಡದ್ದು ಆ ಗ್ರಂಥದ ಎರಡು ಸಣ್ಣ ವಿಷಯಗಳು. ಮೊದಲನೆಯದು ಮುನ್ನುಡಿ. ಅರಸನ ಹೆಸರಿನ ಗ್ರಂಥವಾದರೂ ಅಲ್‌ಕಾಶಿ, ಕಾಝಿಝಾದಾ, ಕುಶ್ಜಿ ಮೂವರ ಹೆಸರೂ ಅದರಲ್ಲಿದೆ. ಯಾರು ಮೊದಲು ತೀರಿಕೊಂಡರು, ಯಾರಿಂದ ಕೆಲಸ ಪೂರ್ಣವಾಯಿತು ಎಂದೂ ಹೇಳಿದೆ. ಎರಡನೆಯದು ನಕ್ಷತ್ರಗಳ ಪಟ್ಟಿಯ ಕುರಿತಾದ ಮಾತು. ತೀರ ದಕ್ಷಿಣದಲ್ಲಿರುವ 27 ನಕ್ಷತ್ರಗಳು ಸಮರ್ಕಂದದಲ್ಲಿ ಕಾಣುವುದಿಲ್ಲ. ಅವುಗಳ ಸ್ಥಾನವನ್ನು ತಾವು ಅಳೆದಿಲ್ಲ, ಹಿಂದಿನ ಅಬ್ದುರ್ರಹ್ಮಾನ್ ಅಸ್ಸೂಫಿಯವರ ಗ್ರಂಥದಿಂದ ತೆಗೆದುಕೊಂಡಿದ್ದೇವೆ ಎಂದು ಸ್ಪಷ್ಟವಾಗಿ ಬರೆದಿದ್ದಾರೆ. ಸಾವಿರಕ್ಕೂ ಹೆಚ್ಚು ನಕ್ಷತ್ರಗಳ ನಡುವೆ ಇಪ್ಪತ್ತೇಳನ್ನು ಸುಮ್ಮನೆ ಸೇರಿಸಿದ್ದರೆ ಆ ಕಾಲದಲ್ಲಿ ಯಾರು ಹಿಡಿಯುತ್ತಿದ್ದರು? ಲೆಕ್ಕ ಒಪ್ಪಿಸುವುದು ಅಮಾನತ್ತನ್ನು ಮರಳಿಸುವಂತೆ ಎಂದು ಅವರು ತಿಳಿದಿದ್ದಿರಬೇಕು.

ಸಮರ್ಕಂದದ ದೌರ್ಬಲ್ಯ ಬೇರೆ ಕಡೆ ಇತ್ತು. ಅದು ಒಬ್ಬ ಅರಸನ ಮೇಲೆ ನಿಂತಿತ್ತು. ಉಲುಗ್ ಬೇಗ್ ವಿದ್ವಾಂಸನಾಗಿ ಎಷ್ಟು ದೊಡ್ಡವನೋ ಆಡಳಿತಗಾರನಾಗಿ ಅಷ್ಟೇ ದುರ್ಬಲ. 1447ರಲ್ಲಿ ತಂದೆ ಷಾರುಖ್ ತೀರಿದ ಮೇಲೆ ಕುಟುಂಬದಲ್ಲಿ ಕಲಹವೆದ್ದಿತು. 1449ರ ಅಕ್ಟೋಬರ್ 27ರಂದು ಸ್ವಂತ ಮಗ ಅಬ್ದುಲ್ಲತೀಫನ ಆಜ್ಞೆಯಂತೆ ಅವನ ಕೊಲೆಯಾಯಿತು. ಬೆಟ್ಟದ ಮೇಲೆ ಮುಂದೆ ಅಳೆಯುವವರು ಉಳಿಯಲಿಲ್ಲ. ಕುಶ್ಜಿ ಊರು ಬಿಟ್ಟರು. ತಬ್ರೀಝ್‌ನಲ್ಲಿ ಕೆಲಕಾಲ ಇದ್ದು, ಕೊನೆಗೆ ಇಸ್ತಾಂಬೂಲಿಗೆ ಹೋಗಿ ಸುಲ್ತಾನ್ ಮುಹಮ್ಮದ್ ಫಾತಿಹನ ಆಶ್ರಯದಲ್ಲಿ ಅಯಾಸೋಫಿಯಾ ಮದ್ರಸದಲ್ಲಿ ಪಾಠ ಹೇಳಿದರು. 1474ರಲ್ಲಿ ಅಲ್ಲೇ ಮೃತರಾದರು.

ಆದರೆ ಗ್ರಂಥದ ಪ್ರತಿಗಳು ಅಷ್ಟರಲ್ಲಿ ಊರೂರಿಗೆ ತಲುಪಿದ್ದವು. 1497ರಲ್ಲಿ ಸಮರ್ಕಂದವನ್ನು ಹಿಡಿದ ಹದಿಹರೆಯದ ಬಾಬರ್ ಆ ಬೆಟ್ಟದ ಕಟ್ಟಡವನ್ನು ನೋಡಿ ತನ್ನ ಆತ್ಮಕಥೆಯಲ್ಲಿ ವರ್ಣಿಸಿದ. ಜಗತ್ತು ಆಗ ಆ ಝೀಜ್‌ನ್ನೇ ಬಳಸುತ್ತಿದೆ ಎಂದ. 1665ರಲ್ಲಿ ಥಾಮಸ್ ಹೈಡ್ ಎಂಬವರು ಅದರ ನಕ್ಷತ್ರ ಪಟ್ಟಿಯನ್ನು ಲ್ಯಾಟಿನ್ ಅನುವಾದದೊಂದಿಗೆ ಆಕ್ಸ್‌ಫರ್ಡ್‌ನಲ್ಲಿ ಅಚ್ಚು ಮಾಡಿಸಿದರು. ಹದಿನೆಂಟನೇ ಶತಮಾನದಲ್ಲಿ ರಾಜಾ ಜೈಸಿಂಗ್ ದಿಲ್ಲಿ, ಜೈಪುರ, ಉಜ್ಜಯಿನಿ, ವಾರಾಣಸಿ, ಮಥುರಾಗಳಲ್ಲಿ ವೀಕ್ಷಣಾಲಯ ಕಟ್ಟಿಸಿದಾಗ ಅವನ ಮೇಜಿನ ಮೇಲಿದ್ದುದು ಇದೇ ಗ್ರಂಥ. ಪಾರ್ಸಿಯಲ್ಲಿ ಬರೆಸಿದ ತನ್ನ ಝೀಜೆ ಮುಹಮ್ಮದ್ ಷಾಹಿಯ ಮುನ್ನುಡಿಯಲ್ಲಿ ಆತ ಉಲುಗ್ ಬೇಗನನ್ನು ಗೌರವದಿಂದ ಸ್ಮರಿಸಿದ್ದಾನೆ. ಜೈಪುರದ ಜಂತರ್ ಮಂತರ್‌ಗೆ ಪ್ರವಾಸ ಹೋದವರು ಅಲ್ಲಿ ಷಷ್ಠಾಂಶ ಯಂತ್ರವನ್ನು ನೋಡಿರಬಹುದು. ಕತ್ತಲೆ ಕೋಣೆ, ಮೇಲೊಂದು ರಂಧ್ರ, ಕೆಳಗೆ ವೃತ್ತದ ಆರನೇ ಒಂದು ಭಾಗದ ಕಮಾನು. ರೈಯಲ್ಲಿ ಕುಸಿದು ಬಿದ್ದ ಕಲ್ಪನೆ ಏಳು ಶತಮಾನ ದಾಟಿ ರಾಜಸ್ಥಾನದಲ್ಲಿ ನಿಂತಿದೆ.

ಸಮರ್ಕಂದದ ಕಟ್ಟಡ ಮಾತ್ರ ಕಾಲಕ್ರಮದಲ್ಲಿ ನೆಲಸಮವಾಯಿತು. ಇಟ್ಟಿಗೆಗಳು ಹೋದವು, ಬೆಟ್ಟದ ಮೇಲೆ ಹುಲ್ಲು ಬೆಳೆಯಿತು, ವೀಕ್ಷಣಾಲಯ ಎಲ್ಲಿತ್ತು ಎಂಬುದೇ ಜನರಿಗೆ ಮರೆತುಹೋಯಿತು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ವಾಸಿಲಿ ವ್ಯಾತ್ಕಿನ್ ಎಂಬ ರಷ್ಯನ್ ವಿದ್ವಾಂಸರು ಹಳೆಯ ಕಾಗದಗಳನ್ನು ಓದುತ್ತಿದ್ದಾಗ ಒಂದು ವಕ್ಫ್ ಪತ್ರ ಸಿಕ್ಕಿತು. ವಕ್ಫ್ ಪತ್ರ ಬರೆಯುವವರು ಜಮೀನಿನ ಚೆಕ್ಕುಬಂದಿಯನ್ನು ಬಹಳ ಎಚ್ಚರದಿಂದ ಬರೆಯುತ್ತಾರೆ, ಪೂರ್ವಕ್ಕೆ ಯಾವುದು, ಪಶ್ಚಿಮಕ್ಕೆ ಯಾವುದು ಎಂದು. ವೀಕ್ಷಣಾಲಯದ ಬೆಟ್ಟದ ಗುರುತು ಅದರಲ್ಲಿತ್ತು. 1908ರಲ್ಲಿ ವ್ಯಾತ್ಕಿನ್ ಅಲ್ಲಿ ಅಗೆಸಿದರು. ಮಣ್ಣಿನ ಅಡಿಯಲ್ಲಿ ಬಂಡೆಯೊಳಗೆ ಕೊರೆದ ಕಮಾನು ಹಾಗೆಯೇ ಇತ್ತು, ಅಮೃತಶಿಲೆಯ ಹಾಸಿನ ಮೇಲೆ ಡಿಗ್ರಿಯ ಗುರುತುಗಳು ಅಳಿದಿರಲಿಲ್ಲ.